ಅಡುಗೆಮನೆಯ ಎಣ್ಣೆ, ಮುಖದ ಮೊಡವೆ

ಕೋಗಿಲು ಮುಖ್ಯರಸ್ತೆಯ ನಮ್ಮ ಪಿ.ಜಿ.ಗೆ ದಿನಕ್ಕೆ ನಾಲ್ಕೈದು ಪಾರ್ಸೆಲ್ ಬರುತ್ತವೆ. ಅದರಲ್ಲಿ ಎರಡಾದರೂ ಡ್ರಾಪರ್ ಇರುವ ಪುಟ್ಟ ಕಂದು ಸೀಸೆಗಳು. ಫೇಸ್ ಆಯಿಲ್, ನೈಟ್ ಆಯಿಲ್, ಗ್ಲೋ ಆಯಿಲ್ ಹೀಗೆ ಹೆಸರು ಬೇರೆ ಬೇರೆ. ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಮಾತು ಮಾತ್ರ ಎಲ್ಲದರ ಮೇಲೂ ಇರುತ್ತದೆ. 30 ಮಿಲಿಲೀಟರಿನ ಒಂದು ಸೀಸೆಗೆ ರೂಮ್‌ಮೇಟ್ 600 ರೂಪಾಯಿ ಕೊಟ್ಟಳು. ಸುಮ್ಮನೆ ಲೆಕ್ಕ ಹಾಕಿದೆ. ಮಿಲಿಲೀಟರಿಗೆ 20 ರೂಪಾಯಿ, ಅಂದರೆ ಲೀಟರಿಗೆ 20,000! ಕೆಲಸ ಹುಡುಕುತ್ತಾ, ಮನೆಯಿಂದ ಬರುವ ದುಡ್ಡಿನಲ್ಲಿ ಬಾಡಿಗೆ, ಊಟ, ಬಸ್ ಪಾಸ್ ಹೊಂದಿಸುವವರಿಗೆ ಇದು ಸಣ್ಣ ಮೊತ್ತವಲ್ಲ.

ಸೀಸೆಯ ಹಿಂಬದಿಯ ಚೀಟಿ ಓದಿದರೆ ಅದರಲ್ಲಿದ್ದದ್ದು ಕುಸುಬೆ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಸ್ವಲ್ಪ ಎಳ್ಳೆಣ್ಣೆ, ಒಂದಿಷ್ಟು ಸುಗಂಧ. ಲ್ಯಾಟಿನ್ ಹೆಸರಿನಲ್ಲಿ ಬರೆದಿದ್ದರಿಂದ ಅವಳಿಗೆ ಗೊತ್ತಾಗಿರಲಿಲ್ಲ, ಅಷ್ಟೇ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ಹಾಗಾಯಿತು.

ಹಾಗೆಂದು ‘ಅಡುಗೆಮನೆಗೆ ಹೋಗಿ ಸಿಕ್ಕಿದ ಎಣ್ಣೆ ಮುಖಕ್ಕೆ ಬಳಿದುಕೊಳ್ಳಿ’ ಎಂದು ಹೇಳಲು ನಾನು ಈ ಬರಹ ಬರೆಯುತ್ತಿಲ್ಲ. ಎಲ್ಲ ಎಣ್ಣೆಯೂ ಒಂದೇ ಅಲ್ಲ, ಎಲ್ಲರ ಚರ್ಮವೂ ಒಂದೇ ಅಲ್ಲ. ಬಿ.ಎಸ್ಸಿ.ಯಲ್ಲಿ ನಾನು ಓದಿದ್ದು ರಸಾಯನಶಾಸ್ತ್ರ. ಪ್ರಯೋಗಾಲಯದಲ್ಲಿ ಎಣ್ಣೆಗೆ ಕ್ಷಾರ ಬೆರೆಸಿ ಕುದಿಸಿ, ಅದರ ಸಾಬೂನೀಕರಣ ಮೌಲ್ಯ ಕಂಡುಹಿಡಿದು ರೆಕಾರ್ಡ್ ಬರೆದವರಲ್ಲಿ ನಾನೂ ಒಬ್ಬಳು. ಅಂಕಕ್ಕಾಗಿ ಕಲಿತ ಆ ಪಾಠ ದಿನನಿತ್ಯದ ಬದುಕಿಗೆ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಆಗ ಅನ್ನಿಸಿರಲಿಲ್ಲ.

ಎಣ್ಣೆ ಅಂದರೆ ಎಳ್ಳು

ನಮ್ಮ ‘ಎಣ್ಣೆ’ ಎಂಬ ಪದ ಹುಟ್ಟಿದ್ದೇ ಎಳ್ಳಿನಿಂದ. ‘ಎಳ್’ ಎಂದರೆ ಎಳ್ಳು, ‘ನೆಯ್’ ಎಂದರೆ ಜಿಡ್ಡು. ಸಂಸ್ಕೃತದ ‘ತೈಲ’ವೂ ಹಾಗೆಯೇ, ತಿಲದಿಂದ ಬಂದದ್ದು. ಗಾಣಕ್ಕೆ ಮೊದಲು ಬಿದ್ದ ಕಾಳಿನ ಹೆಸರೇ ಆಮೇಲೆ ಎಲ್ಲ ಎಣ್ಣೆಗೂ ಉಳಿದುಕೊಂಡಿತು.

ಯಾವ ಬೀಜದ ಎಣ್ಣೆಯಾದರೂ ಅದರ ಮೂಲ ರಚನೆ ಒಂದೇ. ಒಂದು ಗ್ಲಿಸರಾಲ್ ಅಣು, ಅದಕ್ಕೆ ಅಂಟಿಕೊಂಡ ಮೂರು ಕೊಬ್ಬಿನ ಆಮ್ಲಗಳು. ಆ ಆಮ್ಲ ಯಾವುದು ಎನ್ನುವುದರ ಮೇಲೆ ಎಣ್ಣೆಯ ಗುಣ ನಿಂತಿದೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಡಿಸೆಂಬರ್ ಚಳಿಗೆ ಅದು ಬಾಟಲಿಯಲ್ಲೇ ಗಟ್ಟಿಯಾಗುವುದು ಅದರ ಸಂತೃಪ್ತ ಆಮ್ಲಗಳ ದೆಸೆಯಿಂದ. ಆಲಿವ್ ಎಣ್ಣೆಯಲ್ಲಿ ಓಲಿಕ್ ಆಮ್ಲದ್ದೇ ದೊಡ್ಡ ಪಾಲು. ಕಡಲೆಕಾಯಿ ಎಣ್ಣೆಯಲ್ಲೂ ಅದೇ ಮುಂದು. ಸೂರ್ಯಕಾಂತಿ ಮತ್ತು ಕುಸುಬೆಯಲ್ಲಿ ಸಾಮಾನ್ಯವಾಗಿ ಲಿನೋಲಿಕ್ ಆಮ್ಲ ಹೆಚ್ಚು. ಎಳ್ಳೆಣ್ಣೆಯಲ್ಲಿ ಓಲಿಕ್, ಲಿನೋಲಿಕ್ ಎರಡೂ ಹೆಚ್ಚುಕಡಿಮೆ ಸಮಸಮ. ಹರಳೆಣ್ಣೆಯದ್ದು ಬೇರೆಯೇ ದಾರಿ. ಅದರಲ್ಲಿ ಶೇ 85ಕ್ಕೂ ಹೆಚ್ಚು ರಿಸಿನೋಲಿಕ್ ಆಮ್ಲ. ಅದು ಅಷ್ಟು ಮಂದ, ಅಷ್ಟು ಅಂಟಂಟು ಇರುವುದಕ್ಕೆ ಕಾರಣ ಇದೇ.

ಇದರಿಂದ ಚರ್ಮಕ್ಕೆ ಏನಾಗಬೇಕು? ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆ ಎಂದುಕೊಳ್ಳಿ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಗಾರೆ ಬಿರುಕು ಬಿಟ್ಟರೆ ಒಳಗಿನ ನೀರು ಆವಿಯಾಗುತ್ತದೆ, ಚರ್ಮ ಒಡೆಯುತ್ತದೆ, ಉರಿಯುತ್ತದೆ. ಲಿನೋಲಿಕ್ ಆಮ್ಲ ಈ ಗಾರೆಗೆ ಬೇಕಾದ ಸಾಮಗ್ರಿ. ಓಲಿಕ್ ಆಮ್ಲ ಅತಿಯಾದರೆ ಗಾರೆಯನ್ನೇ ಸಡಿಲಿಸುತ್ತದೆ. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ವಯಸ್ಕರ ಮುಂಗೈಗೆ ಕೆಲವು ವಾರ ಆಲಿವ್ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಚ್ಚಿಸಿ ನೋಡಿದರು. ಆಲಿವ್ ಎಣ್ಣೆ ಹಚ್ಚಿದ ಕಡೆ ಚರ್ಮದ ಹೊರಪದರ ದುರ್ಬಲವಾಗಿತ್ತು, ಸೂರ್ಯಕಾಂತಿ ಹಚ್ಚಿದ ಕಡೆ ಹಾಗಾಗಲಿಲ್ಲ. ದುಬಾರಿ ಎಣ್ಣೆಯೇ ಒಳ್ಳೆಯದು ಎಂಬ ನಂಬಿಕೆಗೆ ಇದಕ್ಕಿಂತ ಉತ್ತರ ಬೇಕೇ?

ಸೂರ್ಯಕಾಂತಿಯ ಬಗ್ಗೆ ಇನ್ನೂ ದೊಡ್ಡ ಸಾಕ್ಷ್ಯ ಇರುವುದು ಬಾಂಗ್ಲಾದೇಶದಲ್ಲಿ. ಢಾಕಾದ ಮಕ್ಕಳ ಆಸ್ಪತ್ರೆಯಲ್ಲಿ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಮೈಗೆ ಸೂರ್ಯಕಾಂತಿ ಬೀಜದ ಎಣ್ಣೆ ಸವರಿದಾಗ, ಆಸ್ಪತ್ರೆಯಲ್ಲಿ ತಗಲುವ ಸೋಂಕು ಶೇ 41ರಷ್ಟು ಕಡಿಮೆಯಾಯಿತು ಎಂದು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬಂತು. ಕೊಬ್ಬರಿ ಎಣ್ಣೆಯೇನೂ ಹಿಂದೆ ಬಿದ್ದಿಲ್ಲ. 2014ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸ್‌ನ ಅಧ್ಯಯನದಲ್ಲಿ ಇಸುಬು ಇದ್ದ 117 ಮಕ್ಕಳಿಗೆ ಎಂಟು ವಾರ ಚಿಕಿತ್ಸೆ ಕೊಟ್ಟರು. ಮಿನರಲ್ ಆಯಿಲ್‌ಗಿಂತ ತಾಜಾ ತೆಂಗಿನಕಾಯಿಯ ಎಣ್ಣೆಯೇ ಹೆಚ್ಚು ಗುಣ ಕೊಟ್ಟಿತು. ಆದರೆ ಗಮನಿಸಿ: ಇದು ಒಣಚರ್ಮದ ಮಾತು, ಮೊಡವೆಯ ಮಾತಲ್ಲ. ಕೊಬ್ಬರಿ ಎಣ್ಣೆ ರಂಧ್ರಗಳನ್ನು ಮುಚ್ಚುವ ಜಾತಿಗೆ ಸೇರಿದ್ದು. ಒಡೆದ ಹಿಮ್ಮಡಿಗೆ, ಒಣಗಿದ ಮೊಣಕಾಲು ಮೊಣಕೈಗೆ ಹಚ್ಚಿ. ಮೊಡವೆ ಏಳುವ ಕೆನ್ನೆಗೆ ಬೇಡ.

ಅಜ್ಜಿ ಹಚ್ಚಿ ಬಿಡುತ್ತಿರಲಿಲ್ಲ, ತೊಳೆಯುತ್ತಿದ್ದಳು

‘ನಮ್ಮ ಹಿರಿಯರು ಮೈತುಂಬ ಎಣ್ಣೆ ಹಚ್ಚಿಕೊಳ್ಳುತ್ತಿರಲಿಲ್ಲವೇ, ಅವರಿಗೆ ಮೊಡವೆ ಬಂದಿತ್ತೇ?’ ಎಂದು ಕೇಳುವವರಿದ್ದಾರೆ. ನಾನೂ ದೊಡ್ಡಬಳ್ಳಾಪುರದ ನಮ್ಮಜ್ಜಿಯನ್ನು ಇದನ್ನೇ ಕೇಳಿದ್ದೆ.

“ಹಚ್ಕೊಂಡು ಹಂಗೇ ಮಲ್ಕೊಳ್ತಿದ್ವೇನೆ? ಹಬ್ಬದ ದಿನ ಬೆಳಗ್ಗೆ ಹರಳೆಣ್ಣೆ ತಿಕ್ಕೋದು, ಒಂದು ಗಳಿಗೆ ಕೂರೋದು, ಸೀಗೆಪುಡಿ ಹಾಕಿ ಕಡಲೆಹಿಟ್ಟಲ್ಲಿ ಉಜ್ಜಿ ಬಿಸಿನೀರು ಹುಯ್ಕೊಳ್ಳೋದು. ಜಿಡ್ಡೆಲ್ಲ ಹೋಗ್ಬೇಕು ಕಣೆ. ಜಿಡ್ಡು ಉಳಿದ್ರೆ ಅದೇನು ಎಣ್ಣೆಸ್ನಾನ?” ಎಂದಳು.

ಅಜ್ಜಿಯ ಮಾತಿನಲ್ಲಿ ರಸಾಯನಶಾಸ್ತ್ರ ಪೂರ್ತಿ ಇದೆ. ಜಿಡ್ಡನ್ನು ಕರಗಿಸುವುದು ಜಿಡ್ಡೇ. ಮೈಯ ಮೇಲಿನ ಬೆವರುಕೊಳೆ, ದೂಳು, ಹಳೆಯ ಮೇಣಗಳನ್ನು ಎಣ್ಣೆ ಸಡಿಲಿಸುತ್ತದೆ. ನೊರೆ ಬರುವ ಸೀಗೆಕಾಯಿಯ ಸಪೋನಿನ್ ಅದನ್ನು ನೀರಿನೊಂದಿಗೆ ತೆಗೆದೊಯ್ಯುತ್ತದೆ. ಕಡಲೆಹಿಟ್ಟು ಉಳಿದ ಜಿಡ್ಡನ್ನು ಹೀರುತ್ತದೆ. ಇವತ್ತು ‘ಡಬಲ್ ಕ್ಲೆನ್ಸಿಂಗ್’ ಎಂದು ವಿಡಿಯೊಗಳಲ್ಲಿ ತೋರಿಸುವುದು ಇದನ್ನೇ: ಮೊದಲು ಎಣ್ಣೆ, ಆಮೇಲೆ ಫೇಸ್‌ವಾಶ್. ಯುಗಾದಿ, ದೀಪಾವಳಿಯ ಅಭ್ಯಂಜನ ಎಣ್ಣೆ ಹಚ್ಚುವ ಆಚರಣೆ ಎಷ್ಟೋ, ತೆಗೆಯುವ ಆಚರಣೆಯೂ ಅಷ್ಟೇ. ಎರಡನೆಯ ಅರ್ಧವನ್ನು ನಾವು ಮರೆತಿದ್ದೇವೆ.

ತಲೆಗೆ ರಾತ್ರಿ ಎಣ್ಣೆ ಹಚ್ಚಿ ಬೆಳಗ್ಗೆ ಎದ್ದಾಗ ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಾಣುತ್ತವಲ್ಲ, ಅದಕ್ಕೆ ದಿಂಬಿನ ಮೂಲಕ ಮುಖಕ್ಕಿಳಿದ ಎಣ್ಣೆ ಕಾರಣವಿರಬಹುದು. ಹೊಟ್ಟಿನ ಸಮಸ್ಯೆ ಇರುವವರು ಇನ್ನೂ ಹುಷಾರಾಗಿರಬೇಕು. ಹೊಟ್ಟಿಗೆ ಕಾರಣವಾಗುವ ಮಲಸ್ಸೀಜಿಯಾ ಎಂಬ ಶಿಲೀಂಧ್ರಕ್ಕೆ ಈ ಕೊಬ್ಬಿನ ಆಮ್ಲಗಳೇ ಆಹಾರ. ತಲೆ ಕೆರೆತಕ್ಕೆಂದು ರಾತ್ರಿಯಿಡೀ ಎಣ್ಣೆ ಬಿಟ್ಟುಕೊಂಡರೆ ಅದಕ್ಕೆ ಊಟ ಬಡಿಸಿದ ಹಾಗೆ.

ಗಂಧ, ಬೇವು, ಹೊಂಗೆ

ಹಸಿರು ಮಾರ್ಗದ ಮೆಟ್ರೊದಲ್ಲಿ ಯಶವಂತಪುರ ದಾಟಿದ ಕೂಡಲೇ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ನಿಲ್ದಾಣ ಬರುತ್ತದೆ. ಕಾರ್ಖಾನೆಯೊಂದರ ಹೆಸರನ್ನೇ ಹೊತ್ತ ನಿಲ್ದಾಣ ಅದು. ಅದರ ಹಿಂದೆ ಒಂದು ಯುದ್ಧದ ಕಥೆ ಇದೆ. ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಮೊದಲು ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲ ಮಹಾಯುದ್ಧ ಶುರುವಾಗಿ ಹಡಗುಗಳು ನಿಂತಾಗ ಮರ ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1916ರಲ್ಲಿ ಸಂಸ್ಥಾನವೇ ಗಂಧದೆಣ್ಣೆ ತೆಗೆಯತೊಡಗಿತು. 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ತಯಾರಿಕೆ ಆರಂಭವಾಯಿತು. ಸಾಬೂನಿನ ತಂತ್ರ ಕಲಿತು ಬಂದು ಅದನ್ನು ರೂಪಿಸಿದವರು ಎಸ್.ಜಿ. ಶಾಸ್ತ್ರಿ. 2006ರಲ್ಲಿ ಮೈಸೂರು ಸ್ಯಾಂಡಲ್ ಸೋಪ್‌ಗೆ ಭೌಗೋಳಿಕ ಸೂಚಿಕೆ ಮಾನ್ಯತೆಯೂ ಸಿಕ್ಕಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಈ ಇಸವಿಗಳನ್ನು ಬರೆದಿಟ್ಟುಕೊಂಡರೆ ನಷ್ಟವಿಲ್ಲ!

ಗಂಧದೆಣ್ಣೆ ಕೊಬ್ಬರಿ ಎಣ್ಣೆಯಂಥದ್ದಲ್ಲ. ಅದರಲ್ಲಿ ಕೊಬ್ಬಿನ ಆಮ್ಲಗಳ ರಚನೆ ಇಲ್ಲ. ಮರದ ಚೇಗು, ಬೇರುಗಳನ್ನು ಪುಡಿ ಮಾಡಿ ಹಬೆ ಹಾಯಿಸಿ ಇಳಿಸಿದ ಆವಿಶೀಲ ತೈಲ ಅದು. ಸ್ಯಾಂಟಲಾಲ್ ಅದರ ಜೀವ. ಲ್ಯಾವೆಂಡರ್, ಟೀ ಟ್ರೀ, ನಿಂಬೆಸಿಪ್ಪೆಯ ಎಣ್ಣೆಗಳೂ ಆವಿಶೀಲ ತೈಲಗಳೇ. ಇವುಗಳನ್ನು ನೇರವಾಗಿ ಮುಖಕ್ಕೆ ಹಚ್ಚಿದರೆ ಉರಿ, ಅಲರ್ಜಿ ಆಗಬಹುದು. ಹಿಂಡಿ ತೆಗೆದ ನಿಂಬೆಸಿಪ್ಪೆ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರಂತೂ ಚರ್ಮ ಸುಟ್ಟು ಕಪ್ಪಾಗುವ ಅಪಾಯವಿದೆ. ಬೇರೆ ಎಣ್ಣೆಯಲ್ಲಿ ಒಂದೆರಡು ಹನಿ ಬೆರೆಸಿ ಬಳಸುವುದೇ ಕ್ರಮ. ಇನ್ನೊಂದು ಲೆಕ್ಕ ಕೇಳಿ. ಅಸಲಿ ಗಂಧದೆಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟುತ್ತದೆ. ಅಂದರೆ ಒಂದು ಗ್ರಾಮಿಗೆ ಕನಿಷ್ಠ ನೂರು ರೂಪಾಯಿ. ಜಾತ್ರೆಯಲ್ಲೋ ಫುಟ್‌ಪಾತಿನಲ್ಲೋ 10 ಮಿಲಿಲೀಟರ್ ‘ಶುದ್ಧ ಶ್ರೀಗಂಧ’ ನೂರು ರೂಪಾಯಿಗೆ ಸಿಕ್ಕರೆ ಒಳಗೆ ಏನಿದ್ದೀತು? ಉತ್ತರ ನಿಮಗೇ ಗೊತ್ತು.

ಬೇವು, ಹೊಂಗೆ ನಮ್ಮ ರಸ್ತೆ ಬದಿಯ ಮರಗಳು. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಕೃಷಿ ವಿಶ್ವವಿದ್ಯಾಲಯದಲ್ಲಿ ಹೊಂಗೆ ಎಣ್ಣೆಯಿಂದ ಜೈವಿಕ ಇಂಧನ ತಯಾರಿಸುವ ಕೆಲಸ ನಡೆದಿದೆ. ಹಳ್ಳಿಗಳಲ್ಲಿ ದೀಪಕ್ಕೆ, ಕಜ್ಜಿಗೆ ಹೊಂಗೆ ಎಣ್ಣೆ ಬಳಸುತ್ತಿದ್ದರು. ಎರಡೂ ತಿನ್ನುವ ಎಣ್ಣೆಗಳಲ್ಲ. ಬೇವಿನೆಣ್ಣೆ ಹೊಟ್ಟೆಗೆ ಹೋದರೆ ಮಕ್ಕಳಿಗೆ ವಿಷವಾಗಬಲ್ಲದು. ಮುಖಕ್ಕೆ ಗಾಢವಾಗಿ ಹಚ್ಚಿದರೆ ಕೆರಳಿಸುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಎಷ್ಟು ತಪ್ಪೋ, ಹಿತ್ತಲಲ್ಲಿ ಬೆಳೆದ ಮಾತ್ರಕ್ಕೆ ಅಪಾಯವಿಲ್ಲ ಎನ್ನುವುದೂ ಅಷ್ಟೇ ತಪ್ಪು.

ಚೀಟಿ ಓದುವ ವಿದ್ಯೆ

ಕೊಳ್ಳುವ ಮುನ್ನ ಸೀಸೆ ತಿರುಗಿಸಿ ನೋಡುವುದು ಒಂದು ನಿಮಿಷದ ಕೆಲಸ. ಪದಾರ್ಥಗಳನ್ನು ಹೆಚ್ಚಿನ ಪ್ರಮಾಣದಿಂದ ಕಡಿಮೆಯ ಕಡೆಗೆ ಅನುಕ್ರಮವಾಗಿ ಬರೆಯಬೇಕು ಎನ್ನುವುದು ನಿಯಮ. ಮೊದಲ ಮೂರು ಹೆಸರು ಓದಿದರೆ ಅರ್ಧ ಸತ್ಯ ಗೊತ್ತಾಯಿತು. ಕೋಕೋಸ್ ನ್ಯೂಸಿಫೆರಾ ಎಂದರೆ ತೆಂಗು. ಸೆಸಮಮ್ ಇಂಡಿಕಮ್ ಎಳ್ಳು. ಹೆಲಿಯಾಂಥಸ್ ಆನ್ಯುಯಸ್ ಸೂರ್ಯಕಾಂತಿ. ಕಾರ್ಥಮಸ್ ಟಿಂಕ್ಟೋರಿಯಸ್ ನಮ್ಮ ವಿಜಯಪುರ, ಕಲಬುರಗಿ ಕಡೆಯ ಕುಸುಬೆ. ರಿಸಿನಸ್ ಕಮ್ಯುನಿಸ್ ಹರಳು. ಸ್ಯಾಂಟಲಮ್ ಆಲ್ಬಮ್ ಶ್ರೀಗಂಧ. ಬಾದಾಮಿಯ ಚಿತ್ರವಿರುವ ಬಾಟಲಿಯಲ್ಲಿ ‘ಲೈಟ್ ಲಿಕ್ವಿಡ್ ಪ್ಯಾರಾಫಿನ್’ ಮೊದಲ ಹೆಸರಾಗಿದ್ದರೆ ಅದು ಬಹುಪಾಲು ಮಿನರಲ್ ಆಯಿಲ್. ಅದರಿಂದ ಚರ್ಮಕ್ಕೆ ಕೆಡುಕೇನಿಲ್ಲ, ಆದರೆ ನೀವು ದುಡ್ಡು ಕೊಟ್ಟದ್ದು ಬಾದಾಮಿಗೆ!

ಕೊಬ್ಬರಿ ಎಣ್ಣೆಯ ಬಾಟಲಿಯ ಮೇಲೆ ‘ಹೇರ್ ಆಯಿಲ್’ ಎಂದು ಬರೆದಿದೆಯೋ, ‘ಖಾದ್ಯ ತೈಲ’ ಎಂದಿದೆಯೋ ನೋಡಿ. ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಸಣ್ಣ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆಗೆ ಯಾವ ತೆರಿಗೆ ಎಂಬ ವರ್ಷಾನುಗಟ್ಟಲೆಯ ವ್ಯಾಜ್ಯದಲ್ಲಿ, ತಲೆಗೆ ಹಚ್ಚುವ ಎಣ್ಣೆ ಎಂದು ಹೇಳಿ ಮಾರದ ಹೊರತು ಅದು ಖಾದ್ಯ ತೈಲವೇ ಎಂದು 2024ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ನಮಗೆ ಬೇಕಾದ ಪಾಠ ಇಷ್ಟೇ: ಖಾದ್ಯ ತೈಲವೆಂದು ಮಾರುವ ಬಾಟಲಿಯಲ್ಲಿ ಸುಗಂಧ, ಪ್ಯಾರಾಫಿನ್ ಬೆರೆಸುವಂತಿಲ್ಲ. ಮೈಗೆ ಹಚ್ಚಲೂ ಅದೇ ಸಾಕು.

ಸೋಪಿನ ಮೇಲೆ ‘ಟಿಎಫ್‌ಎಂ’ ಎಂಬ ಅಕ್ಷರಗಳಿರುತ್ತವೆ. ಒಟ್ಟು ಕೊಬ್ಬಿನ ಅಂಶ ಎಂದು ಅದರ ಅರ್ಥ. ಶೇ 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದನೇ ದರ್ಜೆಯ ಟಾಯ್ಲೆಟ್ ಸೋಪ್. ಹಾಗೆ ನೋಡಿದರೆ ಸೋಪು ಕೂಡ ಸಸ್ಯದ ಎಣ್ಣೆಯ ಮಗುವೇ. ಎಣ್ಣೆಗೆ ಕ್ಷಾರ ಸೇರಿದಾಗ ಹುಟ್ಟುವುದು ಸೋಪು ಮತ್ತು ಗ್ಲಿಸರಿನ್.

ದಿನಚರಿ ಹೇಗೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಜನವರಿ, ಫೆಬ್ರುವರಿಯ ಒಣಗಾಳಿಗೆ ತುಟಿ, ಕೆನ್ನೆ, ಮೊಣಕೈ ಬಿರಿಯುವುದು ಸಹಜ. ಎಣ್ಣೆಯಲ್ಲಿ ನೀರಿನ ಅಂಶ ಇಲ್ಲ. ಇರುವ ನೀರು ಆರಿಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಆದ್ದರಿಂದ ಒಣಮೈಗೆ ಎಣ್ಣೆ ಹಚ್ಚಿ ಪ್ರಯೋಜನ ಕಡಿಮೆ. ಸ್ನಾನವಾದ ಮೇಲೆ ಟವೆಲಿನಲ್ಲಿ ಒತ್ತಿಕೊಂಡು, ಮೈ ಇನ್ನೂ ತೇವವಿರುವಾಗಲೇ ತೆಳುವಾಗಿ ಹಚ್ಚಬೇಕು.

ಒಣಚರ್ಮದವರಿಗೆ ಮೈಕೈಗೆ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ ಸಾಕು. ಮುಖಕ್ಕೆ ಸೂರ್ಯಕಾಂತಿ ಅಥವಾ ಕುಸುಬೆ ಎಣ್ಣೆಯ ಮೂರ್ನಾಲ್ಕು ಹನಿ. ಜಿಡ್ಡುಚರ್ಮದವರು ಮುಖಕ್ಕೆ ಎಣ್ಣೆ ಹಚ್ಚಿ ಬಿಡುವ ಅಗತ್ಯವೇ ಇಲ್ಲ. ಬೇಕೆನಿಸಿದರೆ ಎರಡು ನಿಮಿಷ ಸವರಿ ತೊಳೆದುಬಿಡಿ. ಯಾವ ಎಣ್ಣೆಯಾದರೂ ಮೊದಲು ಮುಂಗೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಎರಡು ದಿನ ನೋಡಿ. ಕಡಲೆಕಾಯಿ, ಎಳ್ಳು ತಿಂದರೆ ಅಲರ್ಜಿ ಆಗುವವರು ಅವುಗಳ ಎಣ್ಣೆಯ ತಂಟೆಗೆ ಹೋಗಬೇಡಿ. ಎಣ್ಣೆ ಹಚ್ಚಿದ್ದೇವೆಂದು ಸನ್‌ಸ್ಕ್ರೀನ್ ಬಿಡುವಂತೆಯೂ ಇಲ್ಲ. ಎಣ್ಣೆ ಬಿಸಿಲಿಗೆ ಕೊಡೆಯಲ್ಲ.

ಗಾಣದ ಎಣ್ಣೆ ತಂದರೆ ಸ್ವಲ್ಪವೇ ತನ್ನಿ. ಗಾಳಿ, ಬೆಳಕು ತಾಗಿದಂತೆ ಎಣ್ಣೆ ಕಮಟುತ್ತದೆ. ಕಮಟು ವಾಸನೆ ಬಂದ ಎಣ್ಣೆ ಚರ್ಮವನ್ನು ಕೆರಳಿಸುತ್ತದೆ. ದಿನಕ್ಕೆ ನಾಲ್ಕು ಹನಿಯಂತೆ ತಿಂಗಳಿಗೆ ಬೇಕಾಗುವುದು ಸುಮಾರು ಆರು ಮಿಲಿಲೀಟರ್ ಮಾತ್ರ, ಒಂದು ದೊಡ್ಡ ಚಮಚದಷ್ಟೂ ಅಲ್ಲ. ಅದಕ್ಕೆ ನೂರಾರು ರೂಪಾಯಿ ಏಕೆ?

ಬಣ್ಣದ ಭಯ

ದುಡ್ಡು ಹೋದರೆ ಮತ್ತೆ ದುಡಿಯಬಹುದು. ಇದಕ್ಕಿಂತ ದೊಡ್ಡ ಸಂಗತಿ ಒಂದಿದೆ. ಕಳೆದ ವರ್ಷ ನನ್ನ ಗೆಳತಿಯೊಬ್ಬಳು ಕ್ಯಾಂಪಸ್ ಸಂದರ್ಶನಕ್ಕೆ ಒಂದು ತಿಂಗಳಿರುವಾಗ ಆನ್‌ಲೈನ್‌ನಲ್ಲಿ ‘ಗಿಡಮೂಲಿಕೆ ಎಣ್ಣೆ’ ತರಿಸಿದಳು. ಅದರ ಜೊತೆ ಹೆಸರಿಲ್ಲದ ಒಂದು ಬಿಳಿ ಕ್ರೀಮಿನ ಡಬ್ಬಿ ಉಚಿತ. ಎರಡೇ ವಾರದಲ್ಲಿ ಮುಖ ಬೆಳ್ಳಗಾಯಿತು. ಎಲ್ಲರೂ ಹೊಗಳಿದರು. ಡಬ್ಬಿ ಖಾಲಿಯಾದ ಮೂರನೇ ದಿನ ಕೆನ್ನೆ ಕೆಂಡದಂತೆ ಕೆಂಪಾಗಿ ಉರಿಯತೊಡಗಿತು, ಗುಳ್ಳೆಗಳೆದ್ದವು. ಡಬ್ಬಿಯಲ್ಲಿದ್ದದ್ದು ಸ್ಟೀರಾಯ್ಡ್ ಇರಬೇಕು ಎಂದು ಚರ್ಮವೈದ್ಯರು ಹೇಳಿದರು. 2018ರಲ್ಲಿ ಕೇಂದ್ರ ಸರ್ಕಾರ ಇಂತಹ 14 ಸ್ಟೀರಾಯ್ಡ್ ಔಷಧಿಗಳ ಲೇಪನಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೆ ಹೆಸರೇ ಇಲ್ಲದ ಡಬ್ಬಿಯನ್ನು ಯಾವ ಪಟ್ಟಿ ಹಿಡಿಯುತ್ತದೆ?

ಸಂದರ್ಶನದ ದಿನ ಅವಳು ಉರಿಯುವ ಮುಖದಲ್ಲೇ ಹೋದಳು. ಪಿ.ಜಿ.ಯಿಂದ ಹೊರಡುವಾಗ ‘ಹೋಗೋದೇ ಬೇಡ ಅನ್ನಿಸ್ತಿದೆ ಕಣೆ’ ಎಂದಿದ್ದಳು. ಆ ಮಾತು ನನಗೆ ಇಂದಿಗೂ ಕುಟುಕುತ್ತದೆ. ನಾಲ್ಕು ವರ್ಷ ಓದಿ, ಪ್ರಾಜೆಕ್ಟ್ ಮುಗಿಸಿ, ಎಲ್ಲ ಸಿದ್ಧವಿದ್ದ ಹುಡುಗಿಯೊಬ್ಬಳು ಕೆನ್ನೆಯ ಬಣ್ಣದಿಂದಾಗಿ ಬಾಗಿಲಲ್ಲೇ ಹಿಂದಿರುಗುವ ಯೋಚನೆ ಮಾಡಿದ್ದಳು. ಅವಳ ಚರ್ಮ ಮೊದಲಿನಂತಾಗಲು ಐದು ತಿಂಗಳು ಹಿಡಿಯಿತು.

ಆದ್ದರಿಂದ ಒಂದು ಮಾತು ನೆನಪಿಡಿ. ಯಾವ ಸಸ್ಯದ ಎಣ್ಣೆಯೂ ಮೈಬಣ್ಣ ಬದಲಿಸುವುದಿಲ್ಲ. ಕುಸುಬೆಯಾಗಲಿ, ಕೊಬ್ಬರಿಯಾಗಲಿ, ಕಿಲೋಗೆ ಲಕ್ಷ ಬಾಳುವ ಶ್ರೀಗಂಧವೇ ಆಗಲಿ. ಎರಡು ವಾರದಲ್ಲಿ ಬೆಳ್ಳಗೆ ಮಾಡುವ ‘ಎಣ್ಣೆ’ ಸಿಕ್ಕರೆ ಅದರೊಳಗೆ ಎಣ್ಣೆಯಲ್ಲದ ಇನ್ನೇನೋ ಇದೆ ಎಂದೇ ಅರ್ಥ. ಎಣ್ಣೆ ಮಾಡುವುದು ಸಣ್ಣ ಕೆಲಸ: ಒಡೆದದ್ದನ್ನು ಮೃದು ಮಾಡುತ್ತದೆ, ಉರಿಯನ್ನು ತಣಿಸುತ್ತದೆ, ನೀರನ್ನು ಹಿಡಿದಿಡುತ್ತದೆ. ಮೊಡವೆ ಗಂಟುಗಟ್ಟಿ ನೋಯುತ್ತಿದ್ದರೆ, ಕಲೆ ಹರಡುತ್ತಿದ್ದರೆ ಎಣ್ಣೆ ಬಿಟ್ಟು ವೈದ್ಯರನ್ನು ಕಾಣಿ. ವಿಕ್ಟೋರಿಯಾ, ಬೌರಿಂಗ್‌ನಂತಹ ಸರ್ಕಾರಿ ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗಗಳಿವೆ. 600 ರೂಪಾಯಿಯ ಸೀಸೆಗಿಂತ ಅಲ್ಲಿನ ಒಂದು ಚೀಟಿ ಅಗ್ಗ.

ಅಂದಹಾಗೆ, ಗೆಳತಿಗೆ ಆ ಕೆಲಸ ಸಿಕ್ಕಿತು. ಮೂರು ಸುತ್ತಿನ ಸಂದರ್ಶನದಲ್ಲಿ ಒಬ್ಬರೂ ಅವಳ ಮುಖದ ಬಗ್ಗೆ ಕೇಳಲಿಲ್ಲವಂತೆ. ಕೇಳಿದ್ದೆಲ್ಲ ಅವಳ ಪ್ರಾಜೆಕ್ಟ್ ಬಗ್ಗೆ.